ಕೆಳಗಿನ ಕೋಣೆ ಖಾಲಿ ಇದೆಯೇ?

ಹುಮನಾಬಾದ್

ನೇಪಾಳಕ್ಕೆ ಹೋಗಿ ಬಂದವರು ಹಿಮದ ಬೆಟ್ಟಗಳ ಬಗ್ಗೆ ಹೇಳುತ್ತಾರೆ. ನಾನು ಕಾಠ್ಮಂಡುವಿನಲ್ಲಿ ಹೆಚ್ಚಾಗಿ ನೋಡಿದ್ದು ಗೋಡೆಗಳನ್ನು. ಗೋಡೆ, ಕಂಬ, ಮೆಟ್ಟಿಲು, ಮೆಟ್ಟಿಲಿನಿಂದ ಬಾಗಿಲಿಗೆ ಎಷ್ಟು ದೂರ, ಬಾಗಿಲಿನಿಂದ ಬಯಲಿಗೆ ಎಷ್ಟು ದೂರ. ಕಾರಣ ಹೇಳದಿದ್ದರೆ ಹುಚ್ಚಿ ಎಂದುಕೊಂಡೀರಿ, ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ತವರು ನಾರಾಯಣಪುರ, ಬಸವಕಲ್ಯಾಣಕ್ಕೆ ಹತ್ತಿರದ ಹಳ್ಳಿ. ಕಿಲ್ಲಾರಿಯಲ್ಲಿ ಭೂಕಂಪವಾದಾಗ ನಾನು ಕನ್ನಡ ಶಾಲೆಯಲ್ಲಿ ಓದುತ್ತಿದ್ದ ಹುಡುಗಿ. ಗಣಪತಿಯನ್ನು ಕಳಿಸಿ ಬಂದು ಮಲಗಿದ್ದೆವು. ನಮ್ಮೂರಿನಲ್ಲಿ ಯಾರೂ ಸಾಯಲಿಲ್ಲ. ನಮ್ಮ ಮನೆಯ ಹಿಂದಿನ ಗೋಡೆ ಮಾತ್ರ ಒಂದೇ ಏಟಿಗೆ ಕುಸಿದು, ಅಜ್ಜ ಮಲಗುತ್ತಿದ್ದ ಹೊರಸಿನ ಮೇಲೆ ಕಪ್ಪು ಕಲ್ಲುಗಳು ಗುಪ್ಪೆಯಾಗಿ ಬಿದ್ದವು. ಅಜ್ಜ ನಸುಕಿನಲ್ಲೇ ಎದ್ದು ಹೊರಗೆ ಎತ್ತಿಗೆ ನೀರು ಕುಡಿಸುತ್ತಿದ್ದರು. ಅಂದಿನಿಂದ ದೀಪಾವಳಿಯವರೆಗೆ ಊರಿಗೆ ಊರೇ ತಾಡಪತ್ರಿ ಕಟ್ಟಿಕೊಂಡು ಹೊಲದಲ್ಲಿ ಮಲಗಿತು. ಉಳಿದವರೆಲ್ಲ ಕಾಲಕ್ರಮೇಣ ಒಳಗೆ ಹೋದರು. ನನ್ನ ಮನಸ್ಸು ಹೋಗಲಿಲ್ಲ. ಈಗಲೂ ನಾನು ಬಾಗಿಲ ಪಕ್ಕ ಮಲಗುತ್ತೇನೆ. ತಲೆಯ ಮೇಲೆ ಹಲಗೆ, ಫೋಟೊ, ಡಬ್ಬಿ ಯಾವುದೂ ಇರಕೂಡದು. ಹುಮನಾಬಾದಿನಲ್ಲಿ ಮನೆ ಕಟ್ಟಿಸುವಾಗ ಮೇಲೊಂದು ಅಂತಸ್ತು ಹಾಕಿಸಬೇಕೆಂದು ನನ್ನವರು ಆಸೆಪಟ್ಟರು. ನಾನು ಒಪ್ಪಲೇ ಇಲ್ಲ.

ಇಂಥವಳು ಭೂಕಂಪದ ಊರಿಗೆ ಹೊರಟದ್ದು ಅತ್ತೆಯ ಸಲುವಾಗಿ. ಅತ್ತೆ ಕಸ್ತೂರಿಬಾಯಿ ಬಸವಕಲ್ಯಾಣದಲ್ಲಿ ನನ್ನ ಮೈದುನನ ಜೊತೆ ಇರುತ್ತಾರೆ. ಅವರ ಓಣಿಯ ಭಜನಾ ಮಂಡಳಿಯ ಹೆಂಗಸರು ಪಶುಪತಿನಾಥನ ದರ್ಶನಕ್ಕೆಂದು ಒಟ್ಟಾಗಿ ವಿಮಾನದ ಟಿಕೆಟ್ ಮಾಡಿಸಿದರು. ಹಿಂದಿ ಮಾತಾಡಲು ಒಬ್ಬರು ಬೇಕೆಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುವ ನನ್ನನ್ನೂ ಸೇರಿಸಿದರು. ಆಮೇಲೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಮುಂದಾಳು ಹೆಂಗಸಿಗೆ ಆಪರೇಷನ್ ಆಯಿತು, ಒಬ್ಬೊಬ್ಬರೇ ಜಾರಿಕೊಂಡರು. ಅತ್ತೆ ಮಾತ್ರ ಜಾರಲಿಲ್ಲ.

"ನಾ ಹೋಗಾಕಿನೇ. ನೀ ಬರ್ತೀ ಅಂದ್ರ ಬಾ, ಇಲ್ಲಂದ್ರ ಒಬ್ಬಾಕಿನೇ ಹೋಗ್ತೀನಿ," ಎಂದರು ಫೋನಿನಲ್ಲಿ.

ಒಬ್ಬರನ್ನೇ ಕಳಿಸುವುದು ಹೇಗೆ? ಇಳಿದುಕೊಳ್ಳುವ ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಶಾಲೆ ಬಿಟ್ಟ ಮೇಲೆ ನನ್ನವರ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಹೋಟೆಲುಗಳನ್ನು ನೋಡತೊಡಗಿದೆ. ಉಳಿದು ಬಂದವರೆಲ್ಲ ಹಾಸಿಗೆ ಮೆತ್ತಗಿದೆ, ಬಿಸಿನೀರು ಬರುತ್ತದೆ, ತಿಂಡಿ ರುಚಿಯಾಗಿದೆ, ಕಿಟಕಿಯಿಂದ ಬೆಟ್ಟ ಕಾಣುತ್ತದೆ ಎಂದು ಬರೆದಿದ್ದರು. ಗೋಡೆ ಎಷ್ಟು ದಪ್ಪವಿದೆ ಎಂದು ಒಬ್ಬರೂ ಬರೆದಿರಲಿಲ್ಲ. ಫೋಟೊಗಳನ್ನು ಬೆರಳಲ್ಲಿ ಹಿಗ್ಗಿಸಿ ಹಾಸಿಗೆಯ ಹಿಂದಿನ ಗೋಡೆಯಲ್ಲಿ ಬಿರುಕಿದೆಯೇ ಎಂದು ನೋಡಿದೆ. ಬಿರುಕಿನ ಹಾಗೆ ಕಂಡದ್ದು ಒಮ್ಮೆ ನನ್ನ ಫೋನಿನ ಗಾಜಿನದೇ ಆಗಿತ್ತು.

"ನೀ ಹೋಟೆಲ್ ಹುಡುಕಾಕತ್ತೀಯೋ, ಬಿಲ್ಡಿಂಗ್ ಪಾಸ್ ಮಾಡಾಕತ್ತೀಯೋ?" ಎಂದರು ನನ್ನವರು, ಕೈಯಲ್ಲಿದ್ದ ತಾಮ್ರದ ತಂತಿ ಬಿಡದೆ.

"ನಗಬ್ಯಾಡ್ರಿ. ನಿಮ್ಮವ್ವನ್ನ ಕರಕೊಂಡು ಹೋಗಾಕತ್ತೀನಿ."

ಅವರು ನಗು ನಿಲ್ಲಿಸಿದರು. ಯಾಕೆಂದರೆ ಆ ಮಾತಿನ ಹಿಂದೆ ಏನಿದೆ ಎಂದು ಇಬ್ಬರಿಗೂ ಗೊತ್ತು. ಅತ್ತೆಯ ತವರು ಗಡಿಯಾಚೆ, ಉಮರ್ಗಾ ಕಡೆಯ ಮರಾಠಿ ಹಳ್ಳಿ. ಅದೇ ಭೂಕಂಪದಲ್ಲಿ ಅವರ ತಾಯಿ ಮನೆಯಡಿಯಲ್ಲಿ ಸಿಕ್ಕಿ ಹೋದರು. ಈ ಸಂಗತಿ ನನಗೆ ಹೇಳಿದ್ದು ನನ್ನವರು. ಅತ್ತೆ ನಾನು ಮದುವೆಯಾಗಿ ಬಂದಂದಿನಿಂದ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಆ ಊರಿನ ಹೆಸರು ಬಂದರೆ ಎದ್ದು ಒಲೆಯ ಕಡೆ ಹೋಗುತ್ತಾರೆ.

ಕೊನೆಗೆ ಹೋಟೆಲುಗಳಿಗೆ ಫೋನ್ ಹಚ್ಚಿದೆ. ನಿಮ್ಮ ಕಟ್ಟಡ ಎಷ್ಟು ಮಹಡಿ, ನೇಪಾಳದ ಆ ದೊಡ್ಡ ಭೂಕಂಪಕ್ಕಿಂತ ಮೊದಲು ಕಟ್ಟಿದ್ದೋ ಆಮೇಲೆ ಕಟ್ಟಿದ್ದೋ, ಕೆಳಗಿನ ಕೋಣೆ ಖಾಲಿ ಇದೆಯೇ ಎಂದು ಕೇಳಿದೆ. ಒಬ್ಬರು ಫೋನ್ ಇಟ್ಟರು. ಇನ್ನೊಬ್ಬರು, ಮೇಡಂ, ನಿಮಗೆ ಎಲ್ಲಕ್ಕಿಂತ ಮೇಲಿನ ಕೋಣೆಯನ್ನೇ ಕೊಡುತ್ತೇವೆ ಎಂದು ಖುಷಿಯಿಂದ ಹೇಳಿದರು. ಮತ್ತೊಂದು ಕಡೆ ಹೆಂಗಸೊಬ್ಬಳು ಎತ್ತಿದಳು. "ನೀವು ಎಲ್ಲಿಯವರು ದೀದಿ?" ಎಂದು ಹಿಂದಿಯಲ್ಲಿ ಕೇಳಿದಳು. ಹೇಳಿದೆ. ಕಿಲ್ಲಾರಿಯ ಮಾತನ್ನೂ ಹೇಳಿದೆ. "ಮನೆ ಹಳೆಯದು, ಆಮೇಲೆ ಕಬ್ಬಿಣ ಹಾಕಿಸಿ ಗಟ್ಟಿ ಮಾಡಿಸಿದ್ದೇವೆ. ಅಡುಗೆಮನೆಯ ಪಕ್ಕ ಕೆಳಗೆ ಒಂದು ಕೋಣೆ ಇದೆ. ಎದುರಿಗೇ ಚೌಕ, ಬಯಲು. ಅದನ್ನು ನಿಮಗೇ ಇಡುತ್ತೇನೆ," ಎಂದಳು. ಅವಳ ಹೆಸರು ಸಾನುಮಾಯಾ. ನಾನು ಆರಿಸಿದ್ದು ಹೋಟೆಲನ್ನಲ್ಲ, ಆ ದನಿಯನ್ನು.

ಲಲಿತಪುರ, ಮೊದಲ ದಿನ

ಕಾಠ್ಮಂಡುವಿನ ವಿಮಾನ ನಿಲ್ದಾಣದಲ್ಲಿ ಮೊದಲ ಪೇಚು. ಅತ್ತೆಯ ಚೀಲದಲ್ಲಿದ್ದ ಶೇಂಗಾ ಹಿಂಡಿಯ ಪೊಟ್ಟಣವನ್ನು ಅಧಿಕಾರಿಯೊಬ್ಬ ಎತ್ತಿ, ಇದು ಏನು ಪುಡಿ ಎಂದು ಕೇಳಿದ. ನಾನು ಹಿಂದಿಯ ಪದ ಹುಡುಕುವಷ್ಟರಲ್ಲಿ ಅತ್ತೆ ಕಡಕ್ ರೊಟ್ಟಿ ಮುರಿದು, ಹಿಂಡಿ ಹಚ್ಚಿ, "ತಿಂದು ನೋಡಪ್ಪ" ಎಂದು ಅವನ ಕೈಗೇ ಕೊಟ್ಟರು. ಅವನು ತಿಂದ, ಕೆಮ್ಮಿದ, ಕಣ್ಣೊರೆಸಿಕೊಳ್ಳುತ್ತ ಹೋಗಿ ಎಂದು ಕೈ ಮಾಡಿದ. ಅತ್ತೆ ಇಡೀ ದಾರಿ ನಕ್ಕರು. ನಾನು ಟ್ಯಾಕ್ಸಿಯ ಕಿಟಕಿಯಿಂದ ಕಟ್ಟಡಗಳನ್ನು ನೋಡುತ್ತಿದ್ದೆ.

ಕಾಠ್ಮಂಡುವಿಗೆ ಅಂಟಿಕೊಂಡೇ ಲಲಿತಪುರವಿದೆ, ನಮ್ಮ ಹೋಟೆಲು ಇದ್ದದ್ದು ಅಲ್ಲಿ. ಅದರ ಓಣಿಗಳು ಬಸವಕಲ್ಯಾಣದ ಹಳೆಯ ಓಣಿಗಳಷ್ಟೇ ಕಿರಿದು. ನಮ್ಮಲ್ಲಿ ಕಪ್ಪು ಕಲ್ಲು, ಇಲ್ಲಿ ಕೆಂಪು ಇಟ್ಟಿಗೆ. ನಮ್ಮ ಓಣಿಯಲ್ಲಿ ತಲೆ ಎತ್ತಿದರೆ ಆಕಾಶ ಕಾಣುತ್ತದೆ, ಇಲ್ಲಿ ಎರಡೂ ಕಡೆಯ ಮನೆಗಳು ಮಹಡಿಯ ಮೇಲೆ ಮಹಡಿ ಏರಿ ಒಂದಕ್ಕೊಂದು ಹಣೆ ತಾಗಿಸುವಂತೆ ನಿಂತಿವೆ. ಒಂದು ತಿರುವಿನಲ್ಲಿ ನನ್ನ ಕಾಲು ನಿಂತೇಹೋಯಿತು. ಒಂದು ಮನೆಯ ಗೋಡೆ ಓಣಿಯ ಕಡೆ ಉಬ್ಬಿತ್ತು. ಅದು ಬೀಳದಂತೆ ಓರೆಯಾಗಿ ಮರದ ತೊಲೆಗಳನ್ನು ಆನಿಸಿ ನಿಲ್ಲಿಸಿದ್ದರು. ಆ ತೊಲೆಗಳ ಅಡಿಯಲ್ಲೇ ಒಬ್ಬಾಕೆ ಕೂತು ಕೊತ್ತಂಬರಿ ಮಾರುತ್ತಿದ್ದಳು. ಮಕ್ಕಳು ತೊಲೆಯನ್ನು ಸುತ್ತುಹಾಕಿ ಆಡುತ್ತಿದ್ದರು.

"ಅತ್ಯಾರ, ಜಲ್ದಿ ನಡೀರಿ," ಎಂದೆ.

"ಕೊತಂಬ್ರಿ ಎಷ್ಟ್ ಚಲೋ ಅದ ನೋಡು," ಎಂದರು ಅತ್ತೆ.

ಹೋಟೆಲು ಚೌಕದ ಮೂಲೆಯಲ್ಲಿತ್ತು. ಐದು ಅಂತಸ್ತಿನ ಸಪೂರ ಮನೆ. ಸಾನುಮಾಯಾ ಬಾಗಿಲಿಗೆ ಬಂದಳು. ನನ್ನದೇ ವಯಸ್ಸು, ಹಣೆಯಲ್ಲಿ ಬೆವರು. ನಮ್ಮ ಚೀಲ ತೆಗೆದುಕೊಳ್ಳುವ ಮೊದಲೇ ಕೈ ಮುಗಿದಳು.

"ದೀದಿ, ಕ್ಷಮಿಸಿ. ಗೋರಖಪುರದ ಹಿರಿಯರೊಬ್ಬರು ನಿನ್ನೆ ಗುಡಿಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ್ದಾರೆ. ಅವರನ್ನು ಕೆಳಗಿನ ಕೋಣೆಗೆ ತಂದು ಮಲಗಿಸಬೇಕಾಯಿತು. ಈಗ ಖಾಲಿ ಇರುವುದು ನಾಲ್ಕನೇ ಮಹಡಿ ಮಾತ್ರ."

ಜಗಳವಾಡುವಂತಿರಲಿಲ್ಲ. ಅರ್ಧ ತೆರೆದ ಬಾಗಿಲಲ್ಲಿ ಬಿಳಿ ಪ್ಲಾಸ್ಟರಿನ ಕಾಲು ಕಾಣುತ್ತಿತ್ತು. ಮೆಟ್ಟಿಲುಗಳು ಏಣಿಯಷ್ಟೇ ಕಡಿದಾಗಿದ್ದವು, ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುವಂತಿಲ್ಲ. ಅತ್ತೆ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲೆ ಹೊರಟಿದ್ದರು.

"ಬ್ಯಾಡ್ರಿ, ಇಳೀರಿ! ಬ್ಯಾರೆ ಕಡೆ ನೋಡಾಮ್," ಎಂದೆ.

ಮೂರು ಬಾಗಿಲು

ಚೀಲಗಳನ್ನು ಅಲ್ಲೇ ಬಿಟ್ಟು ಓಣಿ ಓಣಿ ತಿರುಗಿದೆವು. ಮೊದಲು ಹೋದ ಕಡೆ ಮುಂಭಾಗವೆಲ್ಲ ಗಾಜು. ಲಿಫ್ಟ್ ಇತ್ತು. ಗಾಜನ್ನು ನೋಡಿದ ಕೂಡಲೇ ಅದು ಚೂರಾಗಿ ಬೀದಿಗೆ ಸುರಿಯುವುದು ನನ್ನ ಕಣ್ಣಿಗೆ ಕಟ್ಟಿತು. ಎರಡನೆಯದರಲ್ಲಿ ಕೆಳಗಿನ ಕೋಣೆ ಇತ್ತು, ಆದರೆ ನಾಲ್ಕು ಮೆಟ್ಟಿಲು ನೆಲದೊಳಕ್ಕೆ ಇಳಿಯಬೇಕು. ಕಿಟಕಿ ಅಂಗೈಯಷ್ಟು. ಗೋಡೆ ಮುಟ್ಟಿದರೆ ಒದ್ದೆ. ತೋರಿಸಲು ಬಂದವನು ದೀಪ ಹಾಕಲು ತಡಕಾಡುವಾಗ ನಾನು ಹೊರಗೆ ಓಡಿಬಂದೆ. ಮೂರನೆಯದರ ಮಾಲೀಕ ನನ್ನ ಪ್ರಶ್ನೆಗಳನ್ನು ಕೇಳಿ ಮುಖ ಗಂಟಿಕ್ಕಿದ. "ಭಯವಿದ್ದವರು ಯಾಕೆ ಬರುತ್ತೀರಿ? ಇಲ್ಲಿ ಬದುಕುವವರು ನಾವು," ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಇಲ್ಲಿನವರು ಬೀದಿಯಲ್ಲಿ ಹಾದುಹೋಗುವವರಿಗೆಂದು ಕಟ್ಟೆಗಳನ್ನು ಕಟ್ಟಿದ್ದಾರೆ, ಮೇಲೆ ಮಾಡು ಹಾಕಿ. ಮುದುಕರು ಅಲ್ಲಿ ಬಿಸಿಲು ಕಾಯಿಸುತ್ತ ಕೂತಿರುತ್ತಾರೆ. ಅತ್ತೆ ಅಂಥದೊಂದರ ಮೇಲೆ ಕೂತುಬಿಟ್ಟರು.

"ಇನ್ನ ನಾ ಏಳಂಗಿಲ್ಲ. ಕಾಲು ಸೋತಾವ."

"ಇನ್ನೊಂದು ನೋಡ್ತೀನ್ರಿ, ಅಷ್ಟೇ."

"ಶೋಭಾ, ನೀ ನೋಡಾಕತ್ತಿದ್ದು ರೂಮಲ್ಲ. ಬೀಳಲಾರದ ಮನಿ ಎಲ್ಲಿ ಅದ ಅಂತ ಹುಡುಕಾಕತ್ತಿ. ಅಂಥ ಮನಿ ಯಾರ್ ಕಟ್ಟ್ಯಾರ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮುಖ ಬೇರೆ ಕಡೆ ತಿರುಗಿಸಿಕೊಂಡರು. "ಆ ಹೆಣ್ಮಗಳು ಬಾಗಲಿಗೆ ಬಂದು ಕೈ ಮುಗದ್ಲು. ನಾ ಅಲ್ಲೇ ಹೋಗ್ತೀನಿ."

ಹಿಂದಿರುಗಿದಾಗ ಸಾನುಮಾಯಾ ಒಂದನೇ ಮಹಡಿಯ ಮೆಟ್ಟಿಲ ಪಕ್ಕದ ಕೋಣೆಯಿಂದ ಪುಸ್ತಕ, ಬಟ್ಟೆ, ಗಿಟಾರು ಎಲ್ಲವನ್ನೂ ಹೊರಗೆ ಸಾಗಿಸುತ್ತಿದ್ದಳು. ಅದು ಅವಳ ಮಗಳ ಕೋಣೆ. ಮಗಳು ನಾಲ್ಕನೇ ಮಹಡಿಗೆ ಹೋಗಿದ್ದಳು. "ಇಲ್ಲಿಂದ ಒಂದೇ ಸಲಕ್ಕೆ ಇಳಿದರೆ ಬಾಗಿಲು," ಎಂದಳು. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ಒಂದು ಚೀಲವನ್ನೂ ತೋರಿಸಿದಳು. ಒಳಗೆ ನೀರು, ಅವಲಕ್ಕಿ, ಟಾರ್ಚು, ಒಂದು ಹೊದಿಕೆ. ಇಲ್ಲಿ ಮನೆ ಮನೆಯಲ್ಲೂ ಹೀಗೊಂದು ಚೀಲ ಇರುತ್ತದಂತೆ.

"ನಿಮಗೂ ಹೆದರಿಕೆ ಇದೆಯಾ?" ಎಂದೆ.

"ಯಾರಿಗಿಲ್ಲ ದೀದಿ? ಆದರೆ ಅಡುಗೆ ಮಾಡಲೇಬೇಕಲ್ಲ," ಎಂದು ಕೆಳಗೆ ಹೋದಳು.

ಇಷ್ಟು ವರ್ಷ ನನ್ನ ಹೆದರಿಕೆಯನ್ನು ಕಂಡು ಎಲ್ಲರೂ ನಕ್ಕಿದ್ದರು. ಅದಕ್ಕಾಗಿ ಒಬ್ಬರು ಕೋಣೆ ಬಿಟ್ಟುಕೊಟ್ಟದ್ದು ಅದೇ ಮೊದಲು. ಆದರೂ ನಿದ್ದೆ ಬರಲಿಲ್ಲ. ಚಪ್ಪಲಿ ಹಾಕಿಕೊಂಡೇ ಮಲಗಿದ್ದೆ.

ಬಾಗಮತಿಯ ದಂಡೆ

ಪಶುಪತಿನಾಥನ ಗುಡಿಯಲ್ಲಿ ನನ್ನ ಹೆದರಿಕೆ ಇನ್ನೊಂದು ರೂಪದಲ್ಲಿ ಎದುರಾಯಿತು. ಗುಡಿಯ ಮಗ್ಗುಲಲ್ಲೇ ಬಾಗಮತಿ ನದಿ, ನದಿಯ ದಂಡೆಗೆ ಹೆಣಗಳನ್ನು ಸುಡುವ ಕಟ್ಟೆಗಳು. ಮರೆ ಎಂಬುದಿಲ್ಲ. ಒಂದು ಕಡೆ ಹೆಣದ ಕಾಲಿಗೆ ನೀರು ಹಾಕುತ್ತಿದ್ದಾರೆ, ಆಚೆ ದಡದಲ್ಲಿ ಜನ ಕೂತು ನೋಡುತ್ತಿದ್ದಾರೆ, ನಡುವೆ ಮಂಗಗಳು. ನಮ್ಮ ಕಡೆ ಮಣ್ಣು ಮಾಡುವುದು ರೂಢಿ. ಕಣ್ಣೆದುರು ಉರಿಯುವುದನ್ನು ನಾನು ಇಷ್ಟು ಹತ್ತಿರ ನೋಡಿರಲಿಲ್ಲ. ಅಳುವವರ ದನಿ ನೀರಿನ ಮೇಲಿಂದ ಬಂದಾಗ ಅತ್ತೆಯ ಕೈ ಹಿಡಿದುಕೊಂಡೆ.

"ಇವರಿಗೆ ತಮ್ಮ ಮಂದಿ ಸಿಕ್ಕಾರ, ಕಡೀಕ ಮಾರಿ ನೋಡಾಕ ಸಿಕ್ಕದ," ಎಂದರು ಅತ್ತೆ ತಮಗೆ ತಾವೇ. ಅಷ್ಟರಲ್ಲಿ ಮಂಗವೊಂದು ಅವರ ಕೈಯ ಪ್ರಸಾದದ ಪೊಟ್ಟಣ ಕಿತ್ತುಕೊಂಡು ಹಾರಿತು. ಅತ್ತೆ ಅದನ್ನು ಅಪ್ಪಟ ಬಸವಕಲ್ಯಾಣದ ಬೈಗುಳದಲ್ಲಿ ಬೈಯುತ್ತ ಅಟ್ಟಿಸಿಕೊಂಡು ಹೋದರು. ಸುತ್ತಲಿದ್ದವರು ನಕ್ಕರು. ಅತ್ತೆಯೂ ನಕ್ಕರು, ಆದರೆ ಆ ದಿನ ಊಟ ಸರಿಯಾಗಿ ಮಾಡಲಿಲ್ಲ.

ಮೂರನೆಯ ಬೆಳಗು

ಅಂದು ಮಂಜು ಇರಲಿಲ್ಲ. ಸಾನುಮಾಯಾಳ ಅತ್ತೆಯನ್ನು ಎಲ್ಲರೂ ಆಮಾ ಎಂದು ಕರೆಯುತ್ತಾರೆ, ಎಂದರೆ ಅಮ್ಮ. ಆಮಾ ನಮ್ಮ ಅತ್ತೆಯ ಕೈ ಎಳೆದು, ಮೇಲೆ ತಾರಸಿಯ ಕಡೆ ಬೆರಳು ತೋರಿಸಿ, ಹಿಮಾಲ್ ಹಿಮಾಲ್ ಎಂದರು. ಒಬ್ಬರ ಭಾಷೆ ಒಬ್ಬರಿಗೆ ಬರದಿದ್ದರೂ ಎರಡೇ ದಿನದಲ್ಲಿ ಗೆಳತಿಯರಾಗಿದ್ದರು. ಅತ್ತೆ ನನ್ನ ಕಡೆ ನೋಡಿದರು.

"ನೀ ಬರಬ್ಯಾಡ, ಕೆಳಗೇ ಇರು. ನಾ ಬೆಟ್ಟ ನೋಡಿ ಬರ್ತೀನಿ."

ಬೇಡ ಎನ್ನಲು ಬಾಯಿ ತೆರೆದೆ. ಪಶುಪತಿನಾಥನನ್ನು ನೋಡಲು ಹಟ ಹಿಡಿದು ಬಂದ ಹೆಂಗಸಿಗೆ ಬೆಟ್ಟ ಬೇಡ ಎನ್ನುವುದು ಹೇಗೆ? ಅವರ ಹೆಜ್ಜೆಗಳು ಮೇಲೇರುವುದನ್ನು ಕೇಳಿಸಿಕೊಂಡು ನಾನು ಚೌಕಕ್ಕೆ ಹೋದೆ.

ಚೌಕದ ನಡುವೆ ಒಂದು ಪುಟ್ಟ ಗುಡಿ. ಅದರ ಮಾಡಿನ ಅಂಚಿಗೆ ಸಾಲಾಗಿ ಸಣ್ಣ ಗಂಟೆಗಳು. ಗುಡಿಯ ಪಕ್ಕ ಮಣ್ಣಿನ ಕುಡಿಕೆಗಳಲ್ಲಿ ಮೊಸರು ಮಾರುವ ಅಂಗಡಿ. ನಾನು ಎರಡು ಕುಡಿಕೆ ಕೇಳಿದೆ. ಅಂಗಡಿಯವನು ಕೈ ಚಾಚಿದ. ಆ ಕೈ ಹಾಗೇ ನಿಂತಿತು.

ಮೊದಲು ಕಾಗೆಗಳು ಒಟ್ಟಿಗೆ ಎದ್ದವು. ಆಮೇಲೆ ಸದ್ದು. ನಮ್ಮ ಹುಮನಾಬಾದಿನ ರಸ್ತೆಯಲ್ಲಿ ಕಬ್ಬು ತುಂಬಿದ ಲಾರಿ ಹೋಗುತ್ತದಲ್ಲ, ಅದು ನೆಲದಡಿಯಿಂದ ಹೋದ ಹಾಗೆ. ಕುಡಿಕೆಗಳು ಒಂದಕ್ಕೊಂದು ಬಡಿದುಕೊಂಡವು. ಗುಡಿಯ ಗಂಟೆಗಳು ಯಾರೂ ಮುಟ್ಟದೆ ಮೊಳಗತೊಡಗಿದವು. ನನ್ನ ಪಾದಕ್ಕೆ ಅದು ಗೊತ್ತಿತ್ತು. ಇಷ್ಟು ವರ್ಷಗಳಾದರೂ ಪಾದ ಮರೆತಿರಲಿಲ್ಲ.

"ಭುಇಂಚಾಲೋ! ಭುಇಂಚಾಲೋ ಆಯೋ!" ಭೂಕಂಪ ಬಂತು ಎಂದು ಕೂಗುತ್ತ ಅಂಗಡಿಯವನು ಹಲಗೆ ದಾಟಿ ಹಾರಿದ. ಓಣಿಗಳಿಂದ ಜನ ಚೌಕಕ್ಕೆ ನುಗ್ಗಿದರು. ಹಾಲು ಹಿಡಿದವರು, ಸೋಪಿನ ಮುಖದವರು, ಮಗುವನ್ನು ತಲೆಕೆಳಗಾಗಿ ಎತ್ತಿಕೊಂಡವರು. ನಾನು ಬಯಲ ನಡುವೆ ನಿಂತಿದ್ದೆ. ಸುತ್ತ ಗೋಡೆ ಇಲ್ಲ, ತಲೆಯ ಮೇಲೆ ಏನೂ ಇಲ್ಲ. ಜೀವನವಿಡೀ ನಾನು ಬೇಡಿಕೊಂಡದ್ದು ಇಂಥ ಜಾಗವನ್ನೇ.

ನಡುಗುವುದು ನಿಂತಿತು. ಹೋಟೆಲಿನ ಬಾಗಿಲಿನಿಂದ ಜನ ಹೊರಬಂದರು. ಸಾನುಮಾಯಾಳ ಗಂಡ ಗೋರಖಪುರದ ಹಿರಿಯರನ್ನು ಬೆನ್ನ ಮೇಲೆ ಹೊತ್ತು ತಂದ, ಪ್ಲಾಸ್ಟರಿನ ಕಾಲು ಮುಂದಕ್ಕೆ ಚಾಚಿಕೊಂಡಿತ್ತು. ಸಾನುಮಾಯಾ ಮಗಳ ತೋಳು ಹಿಡಿದಿದ್ದಳು. ಬಾಗಿಲ ಹತ್ತಿರ ಹೋಗಿ ಅದನ್ನೇ ನೋಡುತ್ತ ನಿಂತೆ. ಅತ್ತೆ ಬರಲಿಲ್ಲ. ಆಮಾ ಬರಲಿಲ್ಲ.

"ಅತ್ಯಾರ!" ಎಂದು ಕೂಗಿದೆ. ಐದು ಅಂತಸ್ತಿನ ಮೇಲಿನಿಂದ ಉತ್ತರವಿಲ್ಲ.

ಸಾನುಮಾಯಾ ಮಗಳನ್ನು ಗಂಡನಿಗೆ ಒಪ್ಪಿಸಿ ಬಾಗಿಲ ಕಡೆ ತಿರುಗಿದಳು. ನಾನು ಅವಳಿಗಿಂತ ಹತ್ತಿರವಿದ್ದೆ. ನನ್ನ ಕಾಲು ಹೇಗೆ ಎದ್ದಿತೋ ಇಂದಿಗೂ ಗೊತ್ತಿಲ್ಲ. ಧೈರ್ಯ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಳಗೆ ಹೋಗಿ ಮೆಟ್ಟಿಲು ಹಿಡಿದೆ.

ತಾರಸಿ

ಮೆಟ್ಟಿಲಲ್ಲಿ ಸುಣ್ಣದ ಧೂಳು ತುಂಬಿತ್ತು. ಒಂದನೇ ಮಹಡಿ, ನಮ್ಮ ಕೋಣೆ. ಅಲ್ಲಿಂದ ಮೇಲೆ ನಾನು ಎಂದೂ ಹೋಗಿರಲಿಲ್ಲ. ಕೈ ಕಾಲು ಎರಡನ್ನೂ ಊರಿಕೊಂಡು ಹತ್ತಿದೆ. ಮೂರನೆಯದರಲ್ಲಿದ್ದಾಗ ಮತ್ತೊಮ್ಮೆ ಅಲುಗಿತು. ಚಿಕ್ಕದೇ, ಆದರೆ ಮೆಟ್ಟಿಲು ಕಿರ್ ಎಂದಿತು, ಎಲ್ಲೋ ಒಂದು ಪಾತ್ರೆ ಉರುಳಿ ಬಿತ್ತು. ಗೋಡೆಗೆ ಮುಖ ಒತ್ತಿ ಕಣ್ಣು ಮುಚ್ಚಿದೆ. ನನ್ನ ಗಂಟಲಿನಿಂದ ಸಣ್ಣ ಹುಡುಗಿಯ ದನಿ ಬರುತ್ತಿತ್ತು. ಅಲುಗಾಟ ನಿಂತ ಮೇಲೂ ಅಲ್ಲೇ ಇದ್ದೆ. ಕೆಳಗಿನಿಂದ ಸಾನುಮಾಯಾ, "ದೀದಿ, ನಿಲ್ಲಬೇಡಿ. ಮೇಲೆ ಹೋಗಿ, ಇಲ್ಲವೇ ಇಳಿಯಿರಿ. ಮೆಟ್ಟಿಲಲ್ಲಿ ನಿಲ್ಲಬೇಡಿ!" ಎಂದಳು. ಅವಳು ನನ್ನ ಹಿಂದೆಯೇ ಬರುತ್ತಿದ್ದಳು. ಮೇಲೆ ಹೋದೆ.

ತಾರಸಿಯ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನೀರಿನ ಟ್ಯಾಂಕಿನ ಪಕ್ಕದ ಕಬ್ಬಿಣದ ಕಂಬವನ್ನು ಎರಡೂ ತೋಳುಗಳಿಂದ ಅಪ್ಪಿಕೊಂಡು ಅತ್ತೆ ನೆಲದಲ್ಲಿ ಕೂತಿದ್ದರು. ಕಣ್ಣು ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಆಮಾ ಅವರ ಬೆನ್ನು ನೀವುತ್ತ, "ಬಿಸ್ತಾರೈ, ಬಿಸ್ತಾರೈ," ಮೆಲ್ಲಗೆ, ಮೆಲ್ಲಗೆ, ಎನ್ನುತ್ತಿದ್ದರು. ಆ ಮುದುಕಿ ತಾನೊಬ್ಬಳೇ ಇಳಿಯಬಹುದಾಗಿತ್ತು. ಇಳಿದಿರಲಿಲ್ಲ.

"ಅತ್ಯಾರ, ನಾನ್ರಿ, ಶೋಭಾ. ಏಳ್ರಿ."

"ಅವ್ವ ಒಳಗ ಇದ್ದಾಳ," ಎಂದರು ಅತ್ತೆ.

"ಇಲ್ರಿ. ನಾವು ಕಾಠ್ಮಂಡುದಾಗ ಅದೇವ್ರಿ."

"ಅವ್ವ ಒಳಗ ಇದ್ದಾಳ, ಕಲ್ಲು ತೆಗೀರಿ."

ಅವರ ಬೆರಳುಗಳನ್ನು ಕಂಬದಿಂದ ಬಿಡಿಸಲು ನೋಡಿದೆ, ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ದೃಷ್ಟಿ ನನ್ನ ಮುಖಕ್ಕೆ ಬಂತು. ಗುರುತು ಹಿಡಿದರು.

"ನೀ ಯಾಕ ಮ್ಯಾಲ ಬಂದಿ? ನಿಂಗ ಗಾಬ್ರಿ ಆಗ್ತದ. ಕೆಳಗ ಹೋಗು."

"ನೀವು ಬರ್ರಿ, ಹೋಗ್ತೀನಿ."

"ನಾ ಒಳಗ ಹೋಗಂಗಿಲ್ಲ. ಮ್ಯಾಲ ಮಾಳಿಗಿ ಇರೋ ಕಡೆ ನಾ ಹೋಗಂಗಿಲ್ಲ."

ಆ ಮಾತು ನನಗೆ ಅರ್ಥವಾದಷ್ಟು ಬೇರೆ ಯಾರಿಗೆ ಅರ್ಥವಾಗುತ್ತಿತ್ತು? ಕಂಬದ ಇನ್ನೊಂದು ಬದಿಗೆ ನಾನೂ ಕೂತೆ. ಸಾನುಮಾಯಾ ಬಂದು ಆಮಾ ಅವರ ಪಕ್ಕ ಕೂತಳು. ಇಬ್ಬರು ಅತ್ತೆಯರು, ಇಬ್ಬರು ಸೊಸೆಯರು, ಐದು ಅಂತಸ್ತಿನ ಮೇಲೆ. ದೂರದಲ್ಲಿ ಬೆಟ್ಟದ ಸಾಲು ಬೆಳ್ಳಗೆ, ಏನೂ ಆಗದ ಹಾಗೆ ನಿಂತಿತ್ತು. ಯಾರೂ ಅದನ್ನು ನೋಡಲಿಲ್ಲ. ನನ್ನ ಕಿವಿ ನೆಲದಲ್ಲಿತ್ತು. ಟ್ಯಾಂಕಿನ ನೀರು ಒಳಗೊಳಗೇ ತುಳುಕುತ್ತಿತ್ತು. ಅದು ತುಳುಕುವುದು ನಿಂತ ಮೇಲೆ, ಇನ್ನಷ್ಟು ಹೊತ್ತು ಕಾದು, "ಈಗ ಹೋಗೋಣ್ರಿ?" ಎಂದೆ.

ಅತ್ತೆ ಕಂಬ ಬಿಟ್ಟರು. ಬಿಟ್ಟ ಕೈ ನನ್ನ ಭುಜ ಹಿಡಿಯಿತು. ಏಣಿ ಇಳಿಯುವಂತೆ ಹಿಮ್ಮುಖವಾಗಿ ಇಳಿದೆವು. ನಾನು ಕೆಳಗೆ, ಅವರ ಒಂದೊಂದು ಪಾದವನ್ನೂ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಇಡುತ್ತ. ಪ್ರತಿ ತಿರುವಿನಲ್ಲೂ ಅವರು ನಿಂತು, "ಶೋಭಾ, ಇದ್ದೀಯಾ?" ಎಂದು ಕೇಳುತ್ತಿದ್ದರು. "ಅದೀನ್ರಿ," ಎನ್ನುತ್ತಿದ್ದೆ.

ಚೌಕ

ಆ ದಿನವೆಲ್ಲ ಓಣಿಯ ಜನ ಚೌಕದಲ್ಲೇ ಕಳೆದರು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತೇವೆ. ಇಲ್ಲಿನವರು ಮಾತು ಕಡಿಮೆ ಮಾಡಿ ಕೆಲಸ ಹಂಚಿಕೊಂಡರು. ಕೆಲವರು ಮನೆಮನೆಯ ಗೋಡೆ ತಟ್ಟಿ ನೋಡಿ ಬಂದರು. ತೊಲೆ ಆನಿಸಿದ್ದ ಆ ಉಬ್ಬಿದ ಮನೆ ನಿಂತೇ ಇತ್ತು. ಯಾರಿಗೂ ದೊಡ್ಡ ಪೆಟ್ಟಾಗಿರಲಿಲ್ಲ. ಸಾನುಮಾಯಾ ಗ್ಯಾಸ್ ಒಲೆಯನ್ನು ಹೊರಗೆ ತಂದು ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟಳು. ಅವಲಕ್ಕಿಯ ಜೊತೆ ನಮ್ಮ ಶೇಂಗಾ ಹಿಂಡಿಯೂ ಕೈಯಿಂದ ಕೈಗೆ ಹೋಯಿತು.

ಊರಿನಿಂದ ಫೋನ್ ಬಂತು. ಟಿ.ವಿ.ಯಲ್ಲಿ ನೋಡಿದ ನನ್ನವರು ಉಸಿರು ಬಿಡದೆ ಕೇಳುತ್ತಿದ್ದರು. "ಅವ್ವ ಹ್ಯಾಂಗ ಅದಾಳ? ನೀವು ಮದಲ ಹೋಟೆಲ್ ಬದಲಿ ಮಾಡ್ರಿ!" ಚಲೋ ಇದ್ದೇವೆ ಎಂದಷ್ಟೇ ಹೇಳಿ ಇಟ್ಟೆ.

ಅತ್ತೆ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ನಾನು ಏನೂ ಕೇಳಿರಲಿಲ್ಲ. ಅವರೇ ಶುರುಮಾಡಿದರು.

"ಟ್ರ್ಯಾಕ್ಟರ್ ಮ್ಯಾಲ ತವರಿಗೆ ಹೋದೆ. ರೊಟ್ಟಿ ಗಂಟು ಕಟಗೊಂಡು ಹೊಂಟಿದ್ರಲ್ಲ ಮಂದಿ, ಅವರ ಕೂಡ. ಊರಾಗ ಹೋಗಿ ನಿಂತ್ರ ನಂಗ ನಮ್ಮ ಮನಿ ಸಿಗಲಿಲ್ಲ ಶೋಭಾ. ನಾ ಹುಟ್ಟಿ ಬೆಳದ ಓಣಿ. ಎಲ್ಲಾ ಕಲ್ಲು. ಒಂದ್ ಕಡೆ ನಿಂತು ಅವ್ವಾ ಅವ್ವಾ ಅಂತ ಕೂಗಿದೆ. ಕೈಲೆ ಕಲ್ಲು ಕಿತ್ತಿದೆ. ಸಂಜೀತನಕ ಕಿತ್ತಿದೆ. ಆಮ್ಯಾಲ ಒಬ್ಬ ಮುದುಕ ಬಂದು ಹೇಳಿದ, ಬಾಯಿ, ಇದು ನಿಮ್ಮ ಮನಿ ಅಲ್ಲ, ನಿಮ್ಮದು ಆ ಕಡೆ ಅದ ಅಂತ." ಲೋಟವನ್ನು ನೆಲಕ್ಕಿಟ್ಟರು. "ಬ್ಯಾರೇದೋರ ಮನಿ ಮ್ಯಾಲ ನಿಂತು ಕೂಗಿದ್ನಿ."

ಅವರ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಆಮಾ ಇವರ ಮಾತನ್ನು ಅರ್ಥವಾಗದಿದ್ದರೂ ಕೊನೆಯವರೆಗೆ ಕೇಳಿ, ತಮ್ಮ ಶಾಲನ್ನು ತೆಗೆದು ಅತ್ತೆಗೆ ಹೊದಿಸಿದರು.

ಸಂಜೆಗೆ ಗೋರಖಪುರದ ಹಿರಿಯರು ನನ್ನನ್ನು ಕರೆದರು. "ಬೇಟಿ, ನನ್ನಿಂದ ನಿಮ್ಮ ಕೋಣೆ ತಪ್ಪಿತಂತೆ. ಇವತ್ತು ನೀವೇ ಅಲ್ಲಿ ಮಲಗಿ, ನನ್ನನ್ನು ಎಲ್ಲಾದರೂ ಮಲಗಿಸುತ್ತಾರೆ." ಒಂದು ಕ್ಷಣ ಮನಸ್ಸು ಆಸೆಪಟ್ಟಿತು, ನಿಜ. ಅತ್ತೆಯ ಮುಖ ನೋಡಿದೆ.

"ಓಡಾಕ ಬರಲಾರದ ಮನಷ್ಯಾ. ಬಾಗಲ ಬಾಜೂಕ ಅವರೇ ಇರಲಿ," ಎಂದರು ಅತ್ತೆ.

ಕೆಳಗಿನ ಊಟದ ಕೋಣೆಯ ಬೆಂಚುಗಳನ್ನು ಸರಿಸಿ, ಬಾಗಿಲು ತೆರೆದೇ ಇಟ್ಟು, ಎಲ್ಲರೂ ಸಾಲಾಗಿ ಮಲಗಿದೆವು.

ಮರುದಿನ

ಬೆಳಗಿನ ಚಹಾದ ಹೊತ್ತಿಗೆ ಹೊಸ ಅತಿಥಿಗಳು ಬಂದರು. ನಾಗಪುರದ ಗಂಡ ಹೆಂಡತಿ, ವಯಸ್ಸಾದವರು. ಗಂಡ ಚೀಲಗಳನ್ನು ಎತ್ತಿಕೊಂಡು ಒಳಗೆ ಬಂದರು. ಹೆಂಡತಿ ಹೊಸ್ತಿಲಾಚೆಯೇ ನಿಂತು ಕತ್ತು ಎತ್ತಿ ಅಂತಸ್ತುಗಳನ್ನು ನೋಡುತ್ತಿದ್ದರು. ಸೆರಗಿನ ತುದಿ ಬೆರಳಲ್ಲಿ ಸುತ್ತಿ ಹಗ್ಗವಾಗಿತ್ತು. ಸಾನುಮಾಯಾ ಅಡುಗೆಮನೆಯಲ್ಲಿದ್ದಳು. ಬಂದ ಹೆಂಗಸು ನನ್ನನ್ನೇ ಇಲ್ಲಿಯವಳೆಂದುಕೊಂಡು ಹಿಂದಿಯಲ್ಲಿ ಕೇಳಿದರು:

"ನಿನ್ನೆ ಅಲುಗಿತಂತೆ. ಈ ಹೋಟೆಲು ಗಟ್ಟಿ ಇದೆಯಾ?"

ಗಟ್ಟಿ ಇದೆ ಎನ್ನಲು ನನ್ನಿಂದಾಗಲಿಲ್ಲ. ಯಾವ ಗೋಡೆಯ ಪರವಾಗಿಯೂ ನಾನು ಮಾತು ಕೊಡಲಾರೆ. "ಬನ್ನಿ," ಎಂದು ಹೊಸ್ತಿಲು ದಾಟಿ ಅವರ ಬಳಿ ಹೋದೆ. "ಇದು ಬಾಗಿಲು. ಇಲ್ಲಿಂದ ಬಲಕ್ಕೆ ಚೌಕ, ಅಲ್ಲಿ ಬಯಲಿದೆ. ಮೆಟ್ಟಿಲು ಕಡಿದು, ಇಳಿಯುವಾಗ ಹಿಂದೆ ತಿರುಗಿ ಇಳಿಯಿರಿ. ಮೆಟ್ಟಿಲಲ್ಲಿ ಮಾತ್ರ ನಿಲ್ಲಬೇಡಿ." ನನ್ನ ದನಿ ನಡುಗುತ್ತಿತ್ತು. ಅದು ಆಕೆಗೂ ಕೇಳಿಸಿರಬೇಕು, ನನ್ನ ತೋಳು ಹಿಡಿದುಕೊಂಡರು. ಒಬ್ಬರನ್ನೊಬ್ಬರು ಹಿಡಿದುಕೊಂಡೇ ಒಳಗೆ ಬಂದೆವು.

ಬೆಂಚಿನ ಮೇಲಿದ್ದ ಅತ್ತೆ ಅವರ ಸೀರೆಯ ಉಡಿಗೆ ನೋಡಿ ಮರಾಠಿಯವರೆಂದು ಗುರುತಿಸಿದರು. ಒತ್ತಿ ಕೂತು ಜಾಗ ಮಾಡಿದರು. ಇಷ್ಟು ವರ್ಷಗಳಲ್ಲಿ ನಾನು ಅವರ ಬಾಯಲ್ಲಿ ಕೇಳಿರದ, ತಮ್ಮ ತವರಿನ ಮರಾಠಿಯಲ್ಲಿ ಹೇಳಿದರು:

"ಭೀತಿ ವಾಟತೇಚ, ಬಾಯಿ. ಯೇ, ಬಸ."

ಹೆದರಿಕೆ ಆಗೇ ಆಗ್ತದವ್ವ. ಬಾ, ಕೂಡು.